ಚೌಕಮನೆಯಲ್ಲಿ ಮಹಾಮೃಗ

ಕನ್ನಡನಾಡಿನ ಹಳೆಯ ದೇವಾಲಯಗಳ ಜಗುಲಿಯ ಮೇಲೆ, ಮಂಟಪಗಳ ಹಾಸುಗಲ್ಲುಗಳ ಮೇಲೆ, ಊರಮುಂದಿನ ಅರಳಿಕಟ್ಟೆಯ ಚಪ್ಪಡಿಗಳ ಮೇಲೆ ಉಳಿಯಿಂದ ಕೊರೆದ ಕೆಲವು ಗೆರೆಗಳು ಇಂದಿಗೂ ಕಾಣಸಿಗುತ್ತವೆ. ಹಂಪೆಯ ಮಂಟಪಗಳಲ್ಲಿ ಇಂಥವು ಹಲವು. ಶಾಸನವನ್ನು ಹುಡುಕಿ ಬಂದವರು ಅಕ್ಷರವಿಲ್ಲವೆಂದು ಇವುಗಳನ್ನು ದಾಟಿ ಹೋಗುತ್ತಾರೆ. ದೇವರನ್ನು ನೋಡಬಂದವರು ಇವುಗಳ ಮೇಲೆಯೇ ಕಾಲಿಟ್ಟು ನಡೆಯುತ್ತಾರೆ. ಆದರೆ ಸ್ವಲ್ಪ ಹೊತ್ತು ಬಾಗಿ ನೋಡಿದರೆ ಅವುಗಳಲ್ಲಿ ಒಂದು ತ್ರಿಕೋನವೂ, ಅದನ್ನು ಹಾಯ್ದು ಹೋಗುವ ಅಡ್ಡಗೆರೆಗಳೂ ಗೋಚರವಾಗುತ್ತವೆ. ಅದೇ ಆಡು-ಹುಲಿ ಆಟದ ಹಾಸು. ಅಲ್ಪಬಲದ ಹಲವರು ಮಹಾಬಲದ ಕೆಲವರನ್ನು ಎದುರಿಸುವ ಬಗೆಯನ್ನು ಈ ನಾಡಿನ ಜನ ಕಲ್ಲಿನ ಮೇಲೆ ಬರೆದಿಟ್ಟ ರೀತಿ ಅದು.

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ, ಹೆಬ್ಬಾಳ, ಯಶವಂತಪುರ, ರವೀಂದ್ರನಾಥ ಟ್ಯಾಗೋರ್ ನಗರಗಳ ಬಡಾವಣೆಗಳಲ್ಲಿ ಬೆಳೆಯುತ್ತಿರುವ ಇಂದಿನ ಮಕ್ಕಳಿಗೆ ಈ ಗೆರೆಗಳ ಪರಿಚಯ ಕಡಿಮೆ. ಆದರೆ ಅದೇ ಸಮಸ್ಯೆಯನ್ನು ಬೇರೊಂದು ವೇಷದಲ್ಲಿ ಅವರು ಎದುರುಗೊಳ್ಳುವ ಕಾಲ ಬಂದಿದೆ. ಮೇಜಿನ ಸುತ್ತ ನಾಲ್ಕಾರು ಜನ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ದಾಳವನ್ನು ಉರುಳಿಸುತ್ತ ಅದ್ಭುತ ಕಥೆಯೊಂದನ್ನು ಆಡಿ ಮುಗಿಸುವ ಪಾತ್ರಾಭಿನಯದ ಆಟಗಳು ಇಂದು ನಗರದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಅಂಥ ಆಟದಲ್ಲಿ ಚೌಕಮನೆಗಳ ನಕ್ಷೆಯನ್ನು ಹಾಸಿ, ಅದರ ಮೇಲೆ ಬೆಟ್ಟದಷ್ಟು ಎತ್ತರದ ಮೃಗವೊಂದನ್ನು ನಿಲ್ಲಿಸಬೇಕಾದಾಗ ಆಟ ನಡೆಸುವವನ ಮುಂದೆ ಒಂದು ಕಠಿಣ ಪ್ರಶ್ನೆ ಏಳುತ್ತದೆ: ದೊಡ್ಡದನ್ನು ದೊಡ್ಡದೆಂದು ತೋರಿಸುವುದು ಹೇಗೆ? ಈ ಪ್ರಶ್ನೆಗೆ ಆಡು-ಹುಲಿಯ ಕಲ್ಲು ಬಹು ಹಿಂದೆಯೇ ಉತ್ತರ ಕೊಟ್ಟಿದೆ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆಟದ ವಂಶಾವಳಿ

ಈ ಹೊಸ ಆಟದ ಬೇರು ಭಾರತದ ಚತುರಂಗದವರೆಗೆ ಚಾಚಿದೆ. ಚತುರಂಗ ಪರ್ಷಿಯ ಮತ್ತು ಅರಬ್ ನಾಡುಗಳ ಮಾರ್ಗವಾಗಿ ಯೂರೋಪನ್ನು ಸೇರಿತು. ೧೭೮೦ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಹೆಲ್ವಿಗ್ ಎಂಬ ವಿದ್ವಾಂಸನು ಚದುರಂಗದ ಹಾಸನ್ನು ವಿಸ್ತರಿಸಿ, ಮನೆಗಳಿಗೆ ಬೇರೆ ಬೇರೆ ಬಣ್ಣವಿತ್ತು, ಬೆಟ್ಟ, ನೀರು, ಬಯಲುಗಳನ್ನು ಸೂಚಿಸುವ ಯುದ್ಧಕ್ರೀಡೆಯನ್ನು ರಚಿಸಿದನು. ೧೮೨೪ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ತನ್ನ ತಂದೆಯ ಆಟವನ್ನು ತಿದ್ದಿ ಬೆಳೆಸಿ, ನೈಜ ಭೂಪಟ, ದಾಳ, ಇವೆರಡರ ಮೇಲೆ ಒಬ್ಬ ತೀರ್ಪುಗಾರ, ಹೀಗೆ ಮೂರನ್ನೂ ಕೂಡಿಸಿದ ಆಟವನ್ನು ಪ್ರಕಟಿಸಿದನು. ಅದೇ ಪರಂಪರೆಯ ಕೊನೆಯಲ್ಲಿ, ೧೯೭೪ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಸೇನೆಯ ಸ್ಥಾನದಲ್ಲಿ ಒಬ್ಬ ವ್ಯಕ್ತಿ ಬಂದನು. ಯುದ್ಧದ ಸ್ಥಾನದಲ್ಲಿ ಕಥೆ ಬಂದಿತು. ತೀರ್ಪುಗಾರನ ಸ್ಥಾನದಲ್ಲಿ, ನಮ್ಮ ರಂಗಭೂಮಿಯ ಮಾತಿನಲ್ಲಿ ಹೇಳುವುದಾದರೆ, ಸೂತ್ರಧಾರನು ಬಂದನು.

ಚದುರಂಗದಲ್ಲಿ ಗಾತ್ರದ ಪ್ರಶ್ನೆ ಏಳಲೇ ಇಲ್ಲ ಎಂಬುದು ಇಲ್ಲಿ ಗಮನಾರ್ಹ. ಹಾಸಿನ ಮೂಲೆಯಲ್ಲಿ ನಿಲ್ಲುವ ಕಾಯಿಗೆ ನಾವು ಆನೆ ಎನ್ನುತ್ತೇವೆ. ಆ ಆನೆಗೂ ಒಂದೇ ಮನೆ, ಅದರ ಮುಂದೆ ನಿಂತ ಕಾಲಾಳಿಗೂ ಒಂದೇ ಮನೆ. ಆದರೂ ಆಡುವವರಲ್ಲಿ ಯಾರೂ ಇವೆರಡನ್ನೂ ಸಮವೆಂದು ಎಣಿಸುವುದಿಲ್ಲ. ದಾರಿ ತೆರವಾಗಿದ್ದರೆ ಆನೆ ಹಾಸಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ನಡೆಯಲ್ಲಿ ಹೋಗಿ ನಿಲ್ಲುತ್ತದೆ. ಅದರ ದೊಡ್ಡತನವಿರುವುದು ಕಾಯಿಯ ಕೆತ್ತನೆಯಲ್ಲಿ ಅಲ್ಲ, ನಡೆಯ ನಿಯಮದಲ್ಲಿ. ಚದುರಂಗದಲ್ಲಿ ಅಪಾರ ಆಸಕ್ತಿಯಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ಕಾಯಿಯನ್ನು ಪ್ರತಿಯೊಂದು ಮನೆಗೂ ಒಂದೊಂದೇ ಸಲ ಹಾಯಿಸುವ ಬಂಧಗಳನ್ನು ರಚಿಸಿದುದು ಇದೇ ನಡೆಯ ಸೂಕ್ಷ್ಮವನ್ನು ಹಿಡಿದು.

ಗಾತ್ರದ ಗಣಿತ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ನಕ್ಷೆಯಲ್ಲಿ ಒಂದು ಮನೆಯೆಂದರೆ ೫ ಅಡಿ ಉದ್ದ, ೫ ಅಡಿ ಅಗಲದ ನೆಲ. ಮನುಷ್ಯನಿಗೆ ಒಂದು ಮನೆ. ಕುದುರೆಯಂಥ ದೊಡ್ಡ ಪ್ರಾಣಿಗೆ ಎರಡೆರಡು, ಅಂದರೆ ಒಟ್ಟು ೪ ಮನೆ. ಆನೆಯಂಥ ಭಾರಿ ಪ್ರಾಣಿಗೆ ಮೂರುಮೂರು, ಒಟ್ಟು ೯ ಮನೆ. ಅದಕ್ಕೂ ಮೀರಿದ ಮಹಾಮೃಗಕ್ಕೆ ನಾಲ್ಕುನಾಲ್ಕು, ಒಟ್ಟು ೧೬ ಮನೆ ಅಥವಾ ಅದಕ್ಕಿಂತ ಹೆಚ್ಚು. ೨೦ ಅಡಿ ಉದ್ದ, ೨೦ ಅಡಿ ಅಗಲದ ತರಗತಿಯೊಂದನ್ನು ನೆನೆದುಕೊಂಡರೆ ಈ ಮೃಗದ ಅಳತೆ ಮನಸ್ಸಿಗೆ ಬರುತ್ತದೆ. ಅದು ನಿಂತರೆ ಕೋಣೆಯಲ್ಲಿ ಒಂದು ಬೆಂಚಿಗೂ ಸ್ಥಳ ಉಳಿಯದು. ೨೦೦೦ದ ಮೂರನೆಯ ಆವೃತ್ತಿಯಲ್ಲಿ ಕುದುರೆಯಂಥ ನೀಳ ದೇಹದ ಪ್ರಾಣಿಗೆ ೫ ಅಡಿ ಅಗಲ, ೧೦ ಅಡಿ ಉದ್ದದ ಆಯತವನ್ನೇ ಕೊಟ್ಟಿದ್ದರು. ೨೦೦೩ರ ಪರಿಷ್ಕರಣದಲ್ಲಿ ಎಲ್ಲವನ್ನೂ ಚೌಕವಾಗಿಸಿದರು. ಹೋರಾಟದಲ್ಲಿ ಪ್ರಾಣಿ ಸದಾ ಮಗ್ಗುಲು ತಿರುಗುತ್ತಿರುವುದರಿಂದ, ಚೌಕವೆಂದರೆ ಅದರ ದೇಹವಲ್ಲ, ಅದು ತನ್ನದೆಂದು ಕಾದುಕೊಳ್ಳುವ ನೆಲ ಎಂದು ತಿಳಿಯಬೇಕು.

ಇಲ್ಲಿಯೇ ಮೊದಲ ತೊಡಕು. ಈ ಆಟದ ಪ್ರಸಿದ್ಧ ಮಹಾಮೃಗದ ಹೆಸರು ಟರಾಸ್ಕ್. ಫ್ರಾನ್ಸಿನ ತಾರಸ್ಕೋಂ ಊರಿನ ಐತಿಹ್ಯದ ಮೃಗವೊಂದರಿಂದ ಈ ಹೆಸರು ಬಂದಿದೆ. ೨೦೧೪ರ ಐದನೆಯ ಆವೃತ್ತಿಯ ವರ್ಣನೆಯಂತೆ ಅದು ೫೦ ಅಡಿ ಎತ್ತರ, ೭೦ ಅಡಿ ಉದ್ದ. ೭೦ ಅಡಿಯೆಂದರೆ ೧೪ ಮನೆ. ಆದರೆ ವಾಡಿಕೆಯಂತೆ ನಕ್ಷೆಯ ಮೇಲೆ ಅದಕ್ಕೆ ಸಿಗುವುದು ನಾಲ್ಕು ಮನೆಯ ಉದ್ದ ಮಾತ್ರ. ಮಾತಿನಲ್ಲಿ ಬೆಟ್ಟವಾಗಿದ್ದುದು ಹಾಸಿನ ಮೇಲೆ ಬಂಡೆಯಾಗಿಬಿಡುತ್ತದೆ.

ಎರಡನೆಯ ತೊಡಕು ಇನ್ನೂ ಸ್ವಾರಸ್ಯವಾದುದು. ಗಣಿತದ ಉಪಾಧ್ಯಾಯರು ಕರಿಹಲಗೆಯ ಮೇಲೆ ಬರೆದು ತೋರಿಸಬಹುದಾದುದು. ಬದಿಯೊಂದಕ್ಕೆ ಒಂದೇ ಮನೆಯುಳ್ಳ ಪ್ರಾಣಿಯ ಸುತ್ತ ೮ ಜನ ನಿಲ್ಲಬಹುದು. ಎರಡು ಮನೆಯದಾದರೆ ೧೨ ಜನ; ಮೂರಾದರೆ ೧೬; ನಾಲ್ಕಾದರೆ ೨೦. ಪ್ರಾಣಿ ಬೆಳೆದಂತೆ ಅದು ಆಕ್ರಮಿಸುವ ಮನೆಗಳು ವರ್ಗಪ್ರಮಾಣದಲ್ಲಿ ಏರುತ್ತವೆ, ಸುತ್ತ ನಿಲ್ಲುವವರ ಸಂಖ್ಯೆ ಪ್ರತಿ ಹೆಜ್ಜೆಗೆ ನಾಲ್ಕರಂತೆ ಮಾತ್ರ ಏರುತ್ತದೆ. ಆದರೆ ಆಟದಲ್ಲಿರುವವರು ಸಾಮಾನ್ಯವಾಗಿ ನಾಲ್ಕೈದು ಪಾತ್ರಗಳು. ಆದುದರಿಂದ ಚಿಕ್ಕ ಶತ್ರುವನ್ನು ಸುತ್ತಲು ಅವರು ಸ್ಥಳಕ್ಕಾಗಿ ಯೋಚಿಸಬೇಕು; ಮಹಾಮೃಗವನ್ನು ಮುತ್ತಲು ಅಂಥ ಯೋಚನೆಯೇ ಬೇಡ. ಕೇವಲ ಗಾತ್ರವನ್ನು ಹೆಚ್ಚಿಸಿದರೆ ಮೃಗ ಭಯಂಕರವಾಗುವುದಿಲ್ಲ, ಹೊಡೆಯಲು ಸುಲಭವಾದ ಗೋಡೆಯಾಗುತ್ತದೆ.

ನಿಸರ್ಗದಲ್ಲಾದರೋ ಗಾತ್ರಕ್ಕೆ ಬೆಲೆ ತೆರಬೇಕಾಗುತ್ತದೆ. ಗೆಲಿಲಿಯೋ ೧೬೩೮ರಲ್ಲಿ ತನ್ನ ಗ್ರಂಥವೊಂದರಲ್ಲಿ ತೋರಿಸಿದಂತೆ, ಒಂದು ದೇಹವನ್ನು ಎಲ್ಲ ದಿಕ್ಕಿಗೂ ನಾಲ್ಕು ಪಟ್ಟು ಹಿಗ್ಗಿಸಿದರೆ ಎಲುಬಿನ ಅಡ್ಡಕೊಯ್ತ ೧೬ ಪಟ್ಟಾಗುತ್ತದೆ, ತೂಕ ಮಾತ್ರ ೬೪ ಪಟ್ಟಾಗುತ್ತದೆ. ೬೫ ಕಿಲೋ ತೂಗುವ ಮನುಷ್ಯನನ್ನು ಹೀಗೆ ಹಿಗ್ಗಿಸಿದರೆ ೪೧೬೦ ಕಿಲೋ ತೂಗುವನು. ಅವನ ಅಂಗಾಲಿನ ಪ್ರತಿ ಅಂಗುಲದ ಮೇಲೆ ಮೊದಲಿನ ನಾಲ್ಕರಷ್ಟು ಒತ್ತಡ ಬೀಳುವುದು. ಕಥೆಯ ಮೃಗ ಈ ಲೆಕ್ಕವನ್ನು ಮೀರಿ ನಿಲ್ಲಬಹುದು. ಆದರೆ ಅದು ನಿಂತ ನೆಲ ಮೀರಲಾರದು. ಹಂಚಿನ ಮಾಡು ಕುಸಿಯಬೇಕು, ಮರದ ಸೇತುವೆ ಮುರಿಯಬೇಕು, ಕೆಸರಿನಲ್ಲಿ ಹೆಜ್ಜೆ ಹೂಳಬೇಕು. ಮೃಗದ ತೂಕವನ್ನು ಆಟಗಾರನು ಅರಿಯುವುದು ನೆಲದ ನರಳಿಕೆಯಿಂದ.

ಸರದಿಯ ನ್ಯಾಯ

ಎಲ್ಲಕ್ಕಿಂತ ಮುಖ್ಯವಾದುದು ಸರದಿಯ ವಿಚಾರ. ಪಾತ್ರಾಭಿನಯದ ಆಟದಲ್ಲಿ ಒಂದು ಸುತ್ತಿಗೆ ಪ್ರತಿಯೊಬ್ಬರಿಗೂ ಒಂದೊಂದು ಸರದಿ. ಐವರು ಆಟಗಾರರಿದ್ದರೆ ಅವರಿಗೆ ಐದು ಸರದಿ, ಮೃಗಕ್ಕೆ ಒಂದೇ. ಮೃಗವು ಒಮ್ಮೆ ಪಂಜವೆತ್ತುವಷ್ಟರಲ್ಲಿ ಐದು ಏಟುಗಳನ್ನು ತಿಂದಿರುತ್ತದೆ. ಎಂಥ ಮಹಾಬಲವೂ ಈ ಲೆಕ್ಕದ ಮುಂದೆ ನಿಲ್ಲದು. ಹಲವು ಆಟಗಳಲ್ಲಿ ಮಹಾಸರ್ಪ ಹೆಡೆಯೆತ್ತುವ ಮೊದಲೇ ಸತ್ತುಬೀಳುವುದು ಇದರಿಂದಲೇ.

೨೦೧೪ರ ಆವೃತ್ತಿ ಇದಕ್ಕೊಂದು ಪರಿಹಾರವನ್ನು ಕಂಡಿತು. ಐತಿಹ್ಯಪ್ರಸಿದ್ಧವಾದ ಮಹಾಮೃಗಕ್ಕೆ ತನ್ನ ಸರದಿಯಲ್ಲದೆ, ಬೇರೊಬ್ಬರ ಸರದಿ ಮುಗಿದ ಕೂಡಲೇ ಒಂದು ಸಣ್ಣ ಕ್ರಿಯೆಯನ್ನು ಮಾಡುವ ಹಕ್ಕನ್ನಿತ್ತರು. ಇಂಥವು ವಾಡಿಕೆಯಂತೆ ಸುತ್ತಿಗೆ ಮೂರು. ಒಬ್ಬನು ಬಾಣ ಬಿಟ್ಟೊಡನೆ ಬಾಲ ಬೀಸುತ್ತದೆ. ಇನ್ನೊಬ್ಬನು ಓಡಿದೊಡನೆ ಮೃಗವು ಹೆಜ್ಜೆ ಹಾಕುತ್ತದೆ. ಮೃಗವು ಯಾವಾಗಲೂ ಎಚ್ಚರವಾಗಿದೆ ಎಂಬ ಭಾವನೆ ಆಟಗಾರರ ಬೆನ್ನುಹುರಿಯಲ್ಲಿ ಹರಿಯುತ್ತದೆ. ಈ ನಿಯಮವನ್ನು ಆಧುನಿಕರ ಜಾಣ್ಮೆಯೆಂದು ಹೊಗಳುವವರುಂಟು.

ಈಗ ಆಡು-ಹುಲಿಯ ಕಲ್ಲಿಗೆ ಮರಳೋಣ. ವ್ಯಾಪಕವಾಗಿ ಕಾಣುವ ಒಂದು ರೂಪದಲ್ಲಿ ಗೆರೆಗಳು ಕೂಡುವ ೨೩ ಬಿಂದುಗಳು, ೩ ಹುಲಿ, ೧೫ ಆಡು. ಆಡಿನ ಪಕ್ಷದವನು ಒಂದು ಆಡನ್ನು ಇಡುತ್ತಾನೆ; ಕೂಡಲೇ ಹುಲಿಯ ಪಕ್ಷದವನು ಒಂದು ಹುಲಿಯನ್ನು ನಡೆಸುತ್ತಾನೆ. ಮತ್ತೊಂದು ಆಡು, ಮತ್ತೊಂದು ಹುಲಿಯ ನಡೆ. ಹದಿನೈದು ಆಡುಗಳಿಗೂ ಸೇರಿ ಹುಲಿಗೆ ಒಂದೇ ಸರದಿಯಲ್ಲ. ಪ್ರತಿಯೊಂದು ಆಡಿನ ನಡೆಗೂ ಹುಲಿಯ ಮರುನಡೆಯುಂಟು. ಸುತ್ತಿಗೆ ಮೂರು ಎಂಬ ಮಿತಿಯೂ ಇಲ್ಲಿಲ್ಲ. ಹೊಸ ಆಟ ನಲವತ್ತು ವರ್ಷಗಳ ಅನುಭವದ ನಂತರ ತಲುಪಿದ ನ್ಯಾಯ ನಮ್ಮ ಕಟ್ಟೆಯ ಕಲ್ಲಿನಲ್ಲಿ ಹುದುಗಿದೆ.

ಬಲದ ಇನ್ನೊಂದು ಮುಖವನ್ನೂ ಆ ಕಲ್ಲು ಬಲ್ಲದು. ಹುಲಿಯೂ ಆಡಿನಂತೆ ಒಂದೇ ಬಿಂದುವಿನಲ್ಲಿ ಕೂರುತ್ತದೆ. ಆದರೆ ಪಕ್ಕದ ಆಡಿನ ಹಿಂದೆ ಅದೇ ಗೆರೆಯಲ್ಲಿ ಬಿಂದು ತೆರವಾಗಿದ್ದರೆ ಹುಲಿ ಅದನ್ನು ಹಾರಿ ಕಬಳಿಸುತ್ತದೆ. ಆ ಬಿಂದುವಿನಲ್ಲಿ ಇನ್ನೊಂದು ಆಡು ನಿಂತಿದ್ದರೆ ಹುಲಿಗೆ ದಾರಿಯಿಲ್ಲ. ಆಡಿನ ಪ್ರಾಣರಕ್ಷಣೆ ಅದರ ಕೊಂಬಿನಲ್ಲಿಲ್ಲ, ಅದರ ಬೆನ್ನಿಗೆ ನಿಂತ ಇನ್ನೊಂದು ಆಡಿನಲ್ಲಿದೆ. ಆಡುಗಳು ಹುಲಿಯನ್ನು ಕೊಲ್ಲುವುದೂ ಇಲ್ಲ, ಅಲುಗಾಡದಂತೆ ಕಟ್ಟಿಹಾಕುತ್ತವೆ. ದೊಡ್ಡದನ್ನು ಗೆಲ್ಲಲು ಅದಕ್ಕಿಂತ ದೊಡ್ಡದಾಗಬೇಕಾಗಿಲ್ಲ, ಅದಕ್ಕೆ ಬೇಕಾದ ಜಾಗವನ್ನು ತಪ್ಪಿಸಿದರೆ ಸಾಕು ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ.

ಪಾತ್ರಾಭಿನಯದ ಆಟದಲ್ಲಿಯೂ ಇದೇ ಮಾತು ಸಲ್ಲುತ್ತದೆ. ನಿಯಮದಂತೆ ಒಂದು ಪ್ರಾಣಿಯು ತನಗಿಂತ ಒಂದು ದರ್ಜೆ ಚಿಕ್ಕದಾದ ಪ್ರಾಣಿಗೆ ಸಾಲುವಷ್ಟು ಜಾಗದಲ್ಲಿ ಮಾತ್ರ ಮೈ ಕುಗ್ಗಿಸಿ ನುಗ್ಗಬಲ್ಲದು. ೨೦ ಅಡಿಯ ಮೃಗ ೧೫ ಅಡಿಯ ಸಂದಿಯಲ್ಲಿ ತಿಣುಕಿ ತೂರಬಹುದು, ೧೦ ಅಡಿಯ ಸಂದಿಯಲ್ಲಿ ತೂರಲಾರದು. ಹಾಗೆ ತಿಣುಕುವಾಗ ಅದರ ನಡೆ ನಿಧಾನವಾಗುತ್ತದೆ, ಏಟು ಗುರಿ ತಪ್ಪುತ್ತದೆ. ಬಟ್ಟಬಯಲಿನ ನಕ್ಷೆಯಲ್ಲಿ ಮಹಾಮೃಗವನ್ನು ಇಳಿಸುವ ಸೂತ್ರಧಾರನು ಈ ಸೊಗಸನ್ನೆಲ್ಲ ಕಳೆದುಕೊಳ್ಳುತ್ತಾನೆ. ಸಂದಿ, ಮೆಟ್ಟಿಲು, ಕಂಬ, ನೀರು ಇರುವಲ್ಲಿಯೇ ಚಿಕ್ಕವರಿಗೆ ಬುದ್ಧಿ ತೋರಲು ಅವಕಾಶ.

ಅಂಗಗಳಾಗಿ ಒಡೆದ ಮೃಗ

ಮಹಾಕಾಯನೊಬ್ಬನ ಯುದ್ಧವನ್ನು ವರ್ಣಿಸುವ ಕಲೆಯನ್ನು ನಮ್ಮವರು ಹೊರಗಿನಿಂದ ಕಲಿಯಬೇಕಾಗಿಲ್ಲ. ರಾಮಾಯಣದ ಯುದ್ಧಕಾಂಡದಲ್ಲಿ ಕುಂಭಕರ್ಣನು ರಣಕ್ಕಿಳಿದ ಪ್ರಸಂಗವನ್ನು ನೆನೆಯಬಹುದು. ಕಪಿಗಳು ಅವನ ಸುತ್ತ ನಿಂತು ಹೋರಾಡುವುದಷ್ಟೇ ಅಲ್ಲ, ಬೆಟ್ಟವನ್ನೇರುವಂತೆ ಅವನ ಮೈಯನ್ನೇ ಏರಿ ಕಚ್ಚುತ್ತವೆ. ಸೆರೆಸಿಕ್ಕ ಸುಗ್ರೀವನು ಅವನ ಕಿವಿಮೂಗುಗಳನ್ನು ಹರಿದು ಪಾರಾಗುತ್ತಾನೆ. ರಾಮನು ಒಂದೇ ಬಾಣಕ್ಕೆ ಅವನನ್ನು ಕೆಡವುವುದಿಲ್ಲ. ಮೊದಲು ಒಂದು ತೋಳು, ಮತ್ತೊಂದು ತೋಳು, ಬಳಿಕ ಕಾಲುಗಳು, ಕಟ್ಟಕಡೆಗೆ ತಲೆ. ಉರುಳಿದ ತಲೆಯ ಏಟಿಗೆ ಲಂಕೆಯ ಕಟ್ಟಡಗಳು ಕುಸಿಯುತ್ತವೆ, ಮುಂಡ ಕಡಲಿಗೆ ಬಿದ್ದು ಜಲಚರಗಳನ್ನು ಅರೆಯುತ್ತದೆ.

ಚೌಕಮನೆಯ ಸೂತ್ರಧಾರನಿಗೆ ಬೇಕಾದ ಮೂರು ಪಾಠಗಳು ಈ ಪ್ರಸಂಗದಲ್ಲಿವೆ. ಮೊದಲನೆಯದು, ಮೃಗದ ಮೈಯೇ ನೆಲ. ಧೈರ್ಯವಿದ್ದವನು ಅದನ್ನು ಏರಲಿ. ಐದನೆಯ ಆವೃತ್ತಿಯಲ್ಲಿಯೂ ದೊಡ್ಡ ಪ್ರಾಣಿಯ ಮೇಲೆ ಹತ್ತುವುದಕ್ಕೆ ಐಚ್ಛಿಕ ನಿಯಮವೊಂದುಂಟು. ಎರಡನೆಯದು, ಮೃಗವನ್ನು ಒಂದೇ ಕಾಯಿಯೆಂದು ತಿಳಿಯದೆ ತಲೆ, ಮುಂಗಾಲು, ಬಾಲಗಳೆಂದು ವಿಭಜಿಸಬೇಕು. ಒಂದೊಂದು ಅಂಗಕ್ಕೂ ಬೇರೆ ಆಯುಸ್ಸು, ಬೇರೆ ಮನೆ, ಬೇರೆ ಸರದಿ ಇರಲಿ. ಕಾಲು ಕುಂಟಾದರೆ ನಡೆ ಕುಗ್ಗಬೇಕು, ಬಾಲ ಕಡಿದರೆ ಹಿಂದಿನ ಮನೆಗಳು ನಿರ್ಭಯವಾಗಬೇಕು. ಆಗ ಪ್ರತಿ ಆಟಗಾರನಿಗೂ ತಾನು ಸಾಧಿಸಿದ್ದು ಕಣ್ಣೆದುರು ಕಾಣುತ್ತದೆ. ಮೂರನೆಯದು, ಮೃಗದ ಪತನವೂ ಒಂದು ಘಟನೆ. ಅದು ಯಾವ ಕಡೆಗೆ ಬೀಳುತ್ತದೆ, ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಗೆ ನಕ್ಷೆ ಉತ್ತರ ಕೊಡಬೇಕು.

ಕೆರೆಯ ಏರಿಯ ಮೇಲೆ

ಈ ತತ್ತ್ವಗಳೆಲ್ಲ ಒಂದೆಡೆ ಕೂಡುವ ಬಗೆಯನ್ನು ಕಲ್ಪಿತ ಉದಾಹರಣೆಯೊಂದರಿಂದ ಸ್ಪಷ್ಟಪಡಿಸಬಹುದು. ಯಲಹಂಕ, ಹೆಬ್ಬಾಳಗಳ ಸೀಮೆ ಕೆರೆಗಳ ಸೀಮೆ. ಗ್ರಾಫ್ ಕಾಗದದ ಮೇಲೆ ಹಿಂದಿನ ಕಾಲದ ಅಂಥದೊಂದು ಕೆರೆಯನ್ನು ಬರೆದುಕೊಳ್ಳೋಣ. ಏರಿಯ ಅಗಲ ೧೦ ಅಡಿ, ಅಂದರೆ ಎರಡು ಮನೆ. ಉದ್ದ ೨೦೦ ಅಡಿ, ಅಂದರೆ ನಲವತ್ತು ಮನೆ. ನಡುವೆ ಕಲ್ಲುಕಂಬಗಳ ತೂಬು. ಒಂದು ತುದಿಯಲ್ಲಿ ಬಂಡೆಗಲ್ಲಿನಿಂದ ಕಟ್ಟಿದ ಕೋಡಿ. ಏರಿಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗದ್ದೆ, ತೋಟ, ಅದರಾಚೆಗೆ ಊರು. ನೀರಿನೊಳಗಿಂದ ಹದಿನಾರು ಮನೆಯ ಮಹಾಮೃಗವೊಂದು ಏಳುತ್ತದೆ. ಏರಿಯ ಮೇಲೆ ಐವರು.

ಮೃಗಕ್ಕೆ ಏರಿಯ ಮೇಲೆ ನಿಲ್ಲಲು ಜಾಗವಿಲ್ಲ. ಅದು ಮುಂಗಾಲುಗಳನ್ನು ಮಾತ್ರ ಊರಬಲ್ಲದು. ಆದರೆ ಊರಿದ ಕಡೆಯಲ್ಲೆಲ್ಲ ಮಣ್ಣು ಕುಸಿಯುತ್ತದೆ. ಒಂದೇ ಸ್ಥಳದಲ್ಲಿ ಮೂರು ಬಾರಿ ಹೆಜ್ಜೆ ಬಿದ್ದರೆ ಏರಿ ಒಡೆಯುವುದೆಂದು ಸೂತ್ರಧಾರನು ಮೊದಲೇ ಸಾರಿರುತ್ತಾನೆ. ಪ್ರತಿ ಪಾತ್ರದ ಸರದಿಯ ಕೊನೆಗೂ ಮೃಗದ ಒಂದು ಅಂಗ ಚಲಿಸುತ್ತದೆ. ಬಾಲವು ಮುಂದಿನ ಸುತ್ತಿನಲ್ಲಿ ಅಪ್ಪಳಿಸಲಿರುವ ಮನೆಗಳ ಮೇಲೆ ಸೀಮೆಸುಣ್ಣದಿಂದ ನೆರಳನ್ನು ಗುರುತಿಸಲಾಗಿದೆ. ನೆರಳನ್ನು ಕಂಡವನು ಸರಿದು ನಿಲ್ಲಬಹುದು, ಅಥವಾ ಗಾಯಗೊಂಡ ಗೆಳೆಯನನ್ನು ಎಳೆದೊಯ್ಯಲು ಅಲ್ಲಿಯೇ ಉಳಿಯಬಹುದು.

ಇಂಥ ಆಟದಲ್ಲಿ ‘ಎಷ್ಟು ಏಟಿಗೆ ಮೃಗ ಸಾಯುತ್ತದೆ’ ಎಂಬ ಪ್ರಶ್ನೆ ಹಿಂದೆ ಸರಿದು ‘ಎಲ್ಲಿ ಸಾಯಬೇಕು’ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಏರಿಯ ನಡುವೆ ಕೊಂದರೆ ಅದರ ಭಾರಕ್ಕೆ ಏರಿಯೊಡೆದು ಊರು ಮುಳುಗುವುದು. ಕೋಡಿಯ ಬಂಡೆಗಲ್ಲಿನವರೆಗೆ ಎಳೆದು ತಂದರೆ ಊರು ಉಳಿಯುವುದು, ಆದರೆ ಅಷ್ಟು ದೂರ ಅದರ ಕಣ್ಣಿಗೆ ಬಿದ್ದುಕೊಂಡೇ ಓಡುವವನೊಬ್ಬನು ಬೇಕು. ಓಡುವವನು ಯಾರು? ಅವನ ಬೆನ್ನಿಗೆ ನಿಲ್ಲುವವರು ಯಾರು? ಹದಿನಾಲ್ಕರ ಹರೆಯದ ಐವರು ಮಕ್ಕಳು ಈ ಪ್ರಶ್ನೆಯ ಮುಂದೆ ಎರಡು ನಿಮಿಷ ಮಾತಿಲ್ಲದೆ ಕುಳಿತರೆ, ಆ ಮೌನವನ್ನು ವ್ಯರ್ಥಕಾಲವೆಂದು ಯಾವ ಉಪಾಧ್ಯಾಯನೂ ಹೇಳಲಾರನು.

ಸೂತ್ರಧಾರನ ಹೊಣೆ

ಆಡು-ಹುಲಿಗೂ ಹೊಸ ಆಟಕ್ಕೂ ಒಂದು ಮುಖ್ಯ ಭೇದವಿದೆ. ಆಡು-ಹುಲಿಯಲ್ಲಿ ಹುಲಿಯನ್ನು ನಡೆಸುವವನು ಎದುರಾಳಿ. ಅವನು ಗೆಲ್ಲಲೆಂದೇ ಆಡುತ್ತಾನೆ. ಪಾತ್ರಾಭಿನಯದ ಆಟದಲ್ಲಿ ಮೃಗವನ್ನು ನಡೆಸುವವನೇ ನಿಯಮವನ್ನೂ ಹೇಳುವವನು. ಹುಲಿಯೂ ಅವನೇ, ಗೆರೆ ಎಳೆದವನೂ ಅವನೇ. ಮನಸ್ಸು ಮಾಡಿದರೆ ಐವರನ್ನೂ ಮೊದಲ ಸುತ್ತಿನಲ್ಲಿಯೇ ಮುಗಿಸಬಲ್ಲನು, ಮನಸ್ಸು ಕರಗಿದರೆ ದಾಳದ ಮಾತನ್ನು ಮರೆಸಿ ಅವರನ್ನು ಗೆಲ್ಲಿಸಲೂ ಬಲ್ಲನು. ಎರಡೂ ಅನ್ಯಾಯವೇ. ಮೊದಲನೆಯದರಿಂದ ಮಕ್ಕಳು ಭೀತರಾಗುತ್ತಾರೆ. ಎರಡನೆಯದರಿಂದ ಅವರ ಗೆಲುವಿಗೆ ಬೆಲೆಯಿಲ್ಲದಾಗುತ್ತದೆ. ಮಕ್ಕಳು ಅದನ್ನು ಬೇಗನೆ ಕಂಡುಹಿಡಿಯುತ್ತಾರೆ ಕೂಡ.

ಆದಕಾರಣ ಮಹಾಮೃಗವನ್ನು ಕೈಯಲ್ಲಿ ಹಿಡಿದವನು ಮೊದಲು ತನ್ನನ್ನು ನಿಯಮಕ್ಕೆ ಕಟ್ಟಿಕೊಳ್ಳಬೇಕು. ಮೃಗದ ಬಲವೆಷ್ಟು, ಮಿತಿಯೇನು, ಅದು ಏನನ್ನು ಬಯಸುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬುದನ್ನು ಆಟಕ್ಕೆ ಮುಂಚೆ ಬರೆದಿಟ್ಟು, ನಡುವೆ ತಿದ್ದಬಾರದು. ಅಪಾಯದ ಸೂಚನೆಯನ್ನು ಮುಂಚಿತವಾಗಿ ಕೊಡಬೇಕು. ಆಟಗಾರರು ತಾನು ಊಹಿಸದ ಉಪಾಯವನ್ನು ತಂದರೆ ಅದಕ್ಕೆ ನ್ಯಾಯವಾದ ದಾಳವನ್ನು ಕೊಡಬೇಕು. ತರಗತಿಯಲ್ಲಿ ನಿಂತವರಿಗೆ ಈ ಮಾತು ಹೊಸತಲ್ಲ. ಬಲವುಳ್ಳವನು ತಾನೇ ಒಪ್ಪಿಕೊಂಡ ಕಟ್ಟಿನೊಳಗೆ ನಿಂತಾಗ ಮಾತ್ರ ಅಲ್ಪಬಲರು ನಿರ್ಭಯವಾಗಿ ಕಲಿಯುತ್ತಾರೆ.

ಇಂಥ ಆಟಕ್ಕೆ ಬೆಲೆಬಾಳುವ ಗೊಂಬೆಗಳು ಬೇಕಿಲ್ಲ. ಗ್ರಾಫ್ ಕಾಗದ, ಹುಣಿಸೆಬೀಜ, ಒಂದು ದಾಳ, ಮೃಗದ ಆಕಾರಕ್ಕೆ ಕತ್ತರಿಸಿದ ರಟ್ಟು, ಇಷ್ಟಿದ್ದರೆ ಸಾಕು. ಅದಕ್ಕೂ ಮೊದಲು ಶಾಲೆಯ ಜಗುಲಿಯ ಮೇಲೆ ಸೀಮೆಸುಣ್ಣದಿಂದ ಆಡು-ಹುಲಿಯ ಗೆರೆಗಳನ್ನು ಎಳೆದು ಮಕ್ಕಳಿಗೆ ಕಲಿಸುವುದು ಉಚಿತ. ರಜೆಯ ದಿನಗಳಲ್ಲಿ ತಮ್ಮ ತಮ್ಮ ಊರಿನ ಗುಡಿ, ಕಟ್ಟೆ, ಮಂಟಪಗಳಲ್ಲಿ ಇಂಥ ಗೆರೆಗಳನ್ನು ಹುಡುಕಿ, ಅಳತೆ ತೆಗೆದು, ನಕಲು ಮಾಡಿ ತರುವಂತೆ ಹೇಳಿದರೆ ಅದೊಂದು ಬೆಲೆಯುಳ್ಳ ಸಂಗ್ರಹವೂ ಆದೀತು. ನೆಲಕ್ಕೆ ಹೊಸ ಹಾಸುಗಲ್ಲು ಹಾಕಿಸುವ ಉತ್ಸಾಹದಲ್ಲಿ ಹಳೆಯ ಚಪ್ಪಡಿ ಕಿತ್ತುಹೋದರೆ, ಅದರೊಡನೆ ಆಟವೂ ಹೋಗುತ್ತದೆ.

ಹೊಸ ಆಟದ ಮಹಾಮೃಗವನ್ನು ಐವರು ಮಕ್ಕಳು ಕಟ್ಟಿಹಾಕಿದ ದಿನ, ಅವರನ್ನು ಊರಮುಂದಿನ ಕಟ್ಟೆಗೆ ಕರೆದೊಯ್ದು ಆ ಸವೆದ ಗೆರೆಗಳನ್ನು ತೋರಿಸಬೇಕು. ತಾವು ತಾಸುಗಟ್ಟಲೆ ಚರ್ಚಿಸಿ ಕಂಡುಕೊಂಡ ಉಪಾಯವನ್ನು, ಹೆಸರು ತಿಳಿಯದ ಯಾರೋ ದನಗಾಹಿಗಳೂ ದಾರಿಹೋಕರೂ ಅಲ್ಲಿ ಕುಳಿತು ಹುಣಿಸೆಬೀಜ, ಕಲ್ಲುಹರಳುಗಳಿಂದ ಆಡಿದ್ದರೆಂಬುದು ಆಗ ಅವರಿಗೆ ತಿಳಿಯುತ್ತದೆ.